ಇಪ್ಪತ್ನಾಲ್ಕು ತಿಂಗಳ ಫೋನು

ಪಾವನಾಳ ಹೆಸರಿನಲ್ಲಿ ಒಂದೂ ಫೋನ್ ನಂಬರ್ ಇರಲಿಲ್ಲ.

ಸ್ವೀಡನ್ನಿನ ಲಿಂಕೋಪಿಂಗಿಗೆ ಬಂದು ನಾಲ್ಕು ವರ್ಷವಾಗಿತ್ತು. ಅವಳ ಹೆಸರಿನಲ್ಲಿ ಬ್ಯಾಂಕ್ ಖಾತೆಯಿತ್ತು, ಲೈಬ್ರರಿ ಕಾರ್ಡ್ ಇತ್ತು, ಲಂಬೊಹೋವ್ ಬಡಾವಣೆಯ ಮೂರನೇ ಮಹಡಿಯ ಮನೆಯ ಬಾಗಿಲಿನ ಮೇಲೆ ಗಂಡ ಚಿರಂತನನ ಹೆಸರಿನ ಕೆಳಗೆ ಅವಳ ಹೆಸರೂ ಇತ್ತು. ನಂಬರ್ ಮಾತ್ರ ಚಿರಂತನನದು. ಅವಳು ಬಂದಿಳಿದ ವಾರ ಪರ್ಸೊನ್‌ನುಮ್ಮರ್ ಎಂಬ ಇಲ್ಲಿನ ಗುರುತಿನ ಸಂಖ್ಯೆ ಇನ್ನೂ ಸಿಕ್ಕಿರಲಿಲ್ಲ. ಆ ಹನ್ನೆರಡು ಅಂಕಿ ಇಲ್ಲದ ಮನುಷ್ಯನನ್ನು ಈ ದೇಶದ ಯಾವ ಕಂಪ್ಯೂಟರೂ ಗುರುತಿಸುವುದಿಲ್ಲ. ಚಿರಂತನ್ ತನ್ನ ಹೆಸರಿನಲ್ಲಿ ಒಂದು ಪ್ರೀಪೇಯ್ಡ್ ಸಿಮ್ ತಂದು ಅವಳ ಫೋನಿಗೆ ಹಾಕಿಕೊಟ್ಟ. ಎರಡು ತಿಂಗಳ ನಂತರ ಅವಳಿಗೂ ಅಂಕಿ ಬಂತು. ಸಿಮ್ ಯಾರ ಹೆಸರಿನಲ್ಲಿದೆ ಎಂದು ಆಮೇಲೆ ಯಾರೂ ಯೋಚಿಸಲಿಲ್ಲ.

ಆ ನಂಬರಿನ ಮೇಲೆ ಅವಳ ಕೆಲಸ ನಿಂತಿತ್ತು. ಊರಿನಲ್ಲಿ ಐದು ಡಾಗಿಸ್‌ಗಳನ್ನು, ಅಂದರೆ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಶಾಲೆಗಳನ್ನು, ನಡೆಸುವ ಒಂದು ಖಾಸಗಿ ಸಂಸ್ಥೆಯ ಬದಲಿ ಪಟ್ಟಿಯಲ್ಲಿ ಅವಳ ಹೆಸರಿತ್ತು. ಯಾರಾದರೂ ಟೀಚರಿಗೆ ಜ್ವರ ಬಂದರೆ ಬೆಳಿಗ್ಗೆ ಆರು ಗಂಟೆಗೆ ಮೆಸೇಜ್ ಬರುತ್ತಿತ್ತು: ಇವತ್ತು ಇಂಥ ಶಾಲೆಗೆ ಬರುತ್ತೀರಾ, ‘ಯಾ’ ಅಥವಾ ‘ನೇಯ್’ ಎಂದು ಉತ್ತರಿಸಿ. ಹೌದು ಎಂದು ಮೊದಲು ಕಳಿಸಿದವರಿಗೆ ಕೆಲಸ. ಉತ್ತರ ಕೊಡದೆ ಇದ್ದರೆ ಹತ್ತು ನಿಮಿಷಕ್ಕೊಂದು ಜ್ಞಾಪನೆ. ಪಾವನಾ ಒಂದು ವರ್ಷದಿಂದ ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದಳು. ವಾರಕ್ಕೆ ಮೂರು ದಿನ, ಕೆಲವು ವಾರ ನಾಲ್ಕು ದಿನ ಕೆಲಸ ಸಿಗುತ್ತಿತ್ತು. ದಾವಣಗೆರೆಯಲ್ಲಿ ಎಂಟು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ಇಲ್ಲಿ ಅವರ ಮಳೆಪ್ಯಾಂಟು ತೊಡಿಸಿ, ಮೂಗು ಒರೆಸಿ, ಮರಳುಗುಂಡಿಯ ಪಕ್ಕ ನಿಲ್ಲುತ್ತಿದ್ದಳು. ಅದಕ್ಕೆ ಅವಳ ತಕರಾರು ಇರಲಿಲ್ಲ. ಡಿಸೆಂಬರಿನಲ್ಲಿ ಒಬ್ಬ ಟೀಚರ್ ಹೆರಿಗೆ ರಜೆಗೆ ಹೋಗುತ್ತಾಳೆ, ಅವಳ ಜಾಗಕ್ಕೆ ಹನ್ನೊಂದು ತಿಂಗಳು ನಿನ್ನನ್ನೇ ತಗೊಳ್ಳೋಣ ಅಂತಿದ್ದೇನೆ ಎಂದು ಮೇಲ್ವಿಚಾರಕಿ ಗುನಿಲ್ಲಾ ಒಮ್ಮೆ ಫೀಕಾ ಎಂಬ ಕಾಫಿ ಬಿಡುವಿನಲ್ಲಿ ಹೇಳಿದ್ದಳು. ತಿಂಗಳ ಸಂಬಳ, ಪೂರ್ತಿ ವಾರ.

ಅಕ್ಟೋಬರಿನ ಮೊದಲ ಚಳಿಗೆ ಅವಳ ಹಳೆಯ ಫೋನು ಕೈಕೊಡತೊಡಗಿತು. ನಲವತ್ತು ಪರ್ಸೆಂಟ್ ತೋರಿಸುತ್ತಿದ್ದ ಬ್ಯಾಟರಿ ಬಸ್ ಸ್ಟಾಪಿನಲ್ಲಿ ನಿಂತ ಐದು ನಿಮಿಷಕ್ಕೆ ಸತ್ತುಹೋಗುತ್ತಿತ್ತು. ಒಂದು ಬೆಳಿಗ್ಗೆ, ಆ ಶಾಲೆಗೆ ಬೇಡ, ಈ ಶಾಲೆಗೆ ಹೋಗಿ ಎಂದು ಎರಡನೇ ಮೆಸೇಜ್ ಬಂದದ್ದು ಅವಳಿಗೆ ಕಾಣಲಿಲ್ಲ. ತಪ್ಪು ಶಾಲೆಗೆ ಹೋಗಿ ಒಂದು ದಿನದ ಸಂಬಳ ಕಳೆದುಕೊಂಡು ಬಂದಳು.

ಆ ಸಂಜೆ ಚಪಾತಿ, ಹುರುಳಿಕಾಯಿ ಪಲ್ಯ. ಅತ್ತೆ ಜಾನಕಿ ಊರಿಂದ ಬಂದು ಎರಡು ವಾರವಾಗಿತ್ತು; ತೊಂಬತ್ತು ದಿನದ ವೀಸಾ, ಡಿಸೆಂಬರ್ ಕೊನೆಗೆ ವಾಪಸು. ಮೂವತ್ತಮೂರು ವರ್ಷ ಪೋಸ್ಟಾಫೀಸಿನಲ್ಲಿ ಕಾಗದ ವಿಂಗಡಿಸಿ ನಿವೃತ್ತಳಾದವಳು. ಮಗ ಬಡಿಸಿಕೊಳ್ಳುವವರೆಗೆ ತಾನು ತಟ್ಟೆ ಮುಟ್ಟುತ್ತಿರಲಿಲ್ಲ.

“ಎರಡು ಸಾವಿರದ ಒಂಬೈನೂರ ತೊಂಬತ್ತೈದು ಕ್ರೋನ,” ಪಾವನಾ ಹೇಳಿದಳು. “ಹಳೇ ಫೋನನ್ನ ರಿಪೇರಿ ಮಾಡಿ ಮಾರ್ತಾರೆ. ಒಂದು ವರ್ಷ ವಾರಂಟಿ ಇದೆ. ಶನಿವಾರ ಹೋಗಿ ತರ್ತೀನಿ.”

“ಯಾರೋ ಬಳಸಿ ಬಿಟ್ಟಿದ್ದು ಯಾಕೆ?” ಚಿರಂತನ್ ಕೇಳಿದ. “ಕಾಂಟ್ರಾಕ್ಟ್ ತಗೊಂಡ್ರೆ ಬ್ರ್ಯಾಂಡ್ ನ್ಯೂ ಸಿಗುತ್ತೆ. ತಿಂಗಳಿಗೆ ಫೋರ್ ಫಾರ್ಟಿನೈನ್. ಫೋನು, ಡೇಟಾ, ಕಾಲ್ಸ್, ಎಲ್ಲಾ ಅದರಲ್ಲೇ.”

“ಎಷ್ಟು ತಿಂಗಳು?”

“ಟ್ವೆಂಟಿಫೋರ್.”

ಪಾವನಾ ಚಪಾತಿ ಮುರಿಯುವುದನ್ನು ನಿಲ್ಲಿಸಿ ಲೆಕ್ಕ ಹಾಕಿದಳು. “ಹತ್ತು ಸಾವಿರದ ಏಳುನೂರ ಎಪ್ಪತ್ತಾರು. ನಾನು ಹೇಳಿದ್ದಕ್ಕೆ ಎರಡು ವರ್ಷದ ರೀಚಾರ್ಜೂ ಸೇರಿ ಐದೂವರೆ ಸಾವಿರ ದಾಟಲ್ಲ.”

“ಒಂದೇ ಸಲ ಮೂರು ಸಾವಿರ ಬಿಸಾಕ್ತೀಯಾ? ಈ ತಿಂಗಳು ಅಮ್ಮನ ಇನ್ಶೂರೆನ್ಸ್ ಬೇರೆ ಕಟ್ಟಿದೀವಿ.”

“ಅದು ನನ್ನ ಸಂಬಳ.”

“ಒಂದೇ ಮನೇಲಿ ನಂದು, ನಿಂದು ಅಂತ ಏನಮ್ಮ,” ಜಾನಕಿ ಹೇಳಿದಳು.

“ನೋಡಿ ಅತ್ತೆ, ನಾನು ನಂದು ಅಂದಾಗ ಮಾತ್ರ ಈ ಮಾತು ಬರುತ್ತೆ. ಕಾರು ಅವನದು ಅಂದಾಗ ಯಾರೂ ಏನೂ ಅನ್ನಲ್ಲ.”

“ಅಪ್ಪಂಗೆ ಹೊಸ ಫೋನ್ ಬೇಕು,” ಹದಿಮೂರರ ಮಗಳು ಚಾರ್ವಿ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು. “ಫ್ಯಾಮಿಲಿ ಆಫರ್. ಸೆಕೆಂಡ್ ಲೈನ್ ತಗೊಂಡ್ರೆ ಅಪ್ಪನ ಫೋನಿಗೆ ತ್ರೀ ಥೌಸಂಡ್ ಆಫ್. ಲ್ಯಾಪ್‌ಟಾಪಲ್ಲಿ ಟ್ಯಾಬ್ ಓಪನ್ ಇತ್ತು.”

“ಚಾರ್ವಿ, ಊಟ ಮಾಡು.”

“ಮೆನ್ ಡೆ ಎರ್ ಸಾಂತ್,” ಅಂದಳು. ನಿಜ ತಾನೇ ಎಂದು.

ಚಿರಂತನ್ ಸಿಡುಕಿದ. “ಇಬ್ಬರಿಗೂ ಲಾಭ ಆಗೋದನ್ನ ನಾನು ಮಾಡಿದ್ರೆ ಅದಕ್ಕೂ ಕ್ರಾಸ್ ಎಕ್ಸಾಮಿನೇಶನ್. ಶನಿವಾರ ಹೋಗೋಣ, ನೀನೇ ನೋಡು. ಬೇಡ ಅನ್ಸಿದ್ರೆ ಬೇಡ.”

ಶನಿವಾರ ಮಾಲಿನ ಅಂಗಡಿಯಲ್ಲಿ ಇಪ್ಪತ್ತರ ಹುಡುಗನೊಬ್ಬ ನಗುತ್ತಾ ನಿಂತಿದ್ದ. ಕಾಂಟ್ರಾಕ್ಟ್ ನನ್ನ ಹೆಸರಿಗೇ ಮಾಡಿ ಎಂದು ಪಾವನಾ ಹಟ ಹಿಡಿದಳು. ಹುಡುಗ ಅವಳ ಅಂಕಿಗಳನ್ನು ಕುಟ್ಟಿದ, ಕಾದ, ತುಟಿ ಕಚ್ಚಿಕೊಂಡ. ಕಂಪ್ಯೂಟರ್ ಬೇಡ ಅಂದಿತ್ತು. ಹೋದ ವರ್ಷದ ಆದಾಯ ಸಾಲದು.

“ಪೂರ್ತಿ ದುಡ್ಡು ಕೊಟ್ಟು ತಗೊಂಡ್ರೆ?” ಅವಳು ಸ್ವೀಡಿಷಿನಲ್ಲಿ ಕೇಳಿದಳು.

“ಆಗ ಯಾವ ತಪಾಸಣೆಯೂ ಇಲ್ಲ,” ಹುಡುಗ ಹೇಳಿದ. “ದುಡ್ಡು ಕೊಡಿ, ತಗೊಂಡು ಹೋಗಿ.”

ಪಾವನಾ ಗಂಡನ ಕಡೆ ತಿರುಗಿದಳು. ಅವನು ಆಗಲೇ ತನ್ನ ಕಾರ್ಡ್ ಗಾಜಿನ ಮೇಲೆ ಇಟ್ಟಿದ್ದ. “ಎರಡೂ ನನ್ನ ಹೆಸರಿಗೆ ಹಾಕಿ,” ಅಂದ. ಆಮೇಲೆ ಕನ್ನಡದಲ್ಲಿ, “ಸೀನ್ ಮಾಡ್ಬೇಡ ಪಾವನಾ. ಹೆಸರಲ್ಲಿ ಏನಿದೆ? ಫೋನ್ ನಿನ್ನ ಕೈಲೇ ಇರುತ್ತೆ.”

ಫೋನ್ ಅವಳ ಕೈಗೆ ಬರಲಿಲ್ಲ. ಚಿರಂತನನ ಹೊಸ ಫೋನ್ ಸ್ಟಾಕಿನಲ್ಲಿತ್ತು, ಅವಳದು ಇರಲಿಲ್ಲ. ಮೂರು ವಾರ ಆಗಬಹುದು ಎಂದ ಹುಡುಗ. ಅವಳ ನಂಬರನ್ನು ಹೊಸ ಕಾಂಟ್ರಾಕ್ಟಿಗೆ ವರ್ಗಾಯಿಸುವ ಕಾಗದಕ್ಕೂ ಚಿರಂತನನೇ ಸಹಿ ಹಾಕಿದ, ಅದು ಅವನದೇ ನಂಬರ್ ಆದ್ದರಿಂದ. ಅವಳ ಸಹಿಯನ್ನು ಯಾರೂ ಕೇಳಲಿಲ್ಲ. ಅವಳು, ಅಂಗಡಿಗೆ ಬದಲಿಗೆ ಕೊಟ್ಟ ಅವನ ಹಳೆಯ ಫೋನಿನ ಕವರಿದ್ದ ಚೀಲ ಹಿಡಿದುಕೊಂಡು ಹೊರಗೆ ಬಂದಳು.

ಮರುದಿನ ಚಿರಂತನ್ ಆಫೀಸಿನ ಕೆಲಸಕ್ಕೆ ಮೂರು ವಾರ ಬೆಂಗಳೂರಿಗೆ ಹೊರಟ. ಹೊಸ ಫೋನಿಗೆ ಹೊಸ ಕವರು.

ಆ ವಾರ ಮೆಸೇಜ್ ಬರಲಿಲ್ಲ. ಪಾವನಾ ಐದೂಮುಕ್ಕಾಲಿಗೆ ಎದ್ದು ಫೋನ್ ನೋಡುತ್ತಿದ್ದಳು. ವಾಟ್ಸಾಪಿನಲ್ಲಿ ಲಿಂಕೋಪಿಂಗಿನ ಕನ್ನಡ ಗುಂಪಿನವರ ದೀಪಾವಳಿ ಊಟದ ಪಟ್ಟಿ ಬಂದಿರುತ್ತಿತ್ತು, ತಂಗಿಯ ಮಗನ ಫೋಟೋ ಬಂದಿರುತ್ತಿತ್ತು. ಮನೆಯ ವೈಫೈಗೆ ಎಲ್ಲವೂ ಬರುತ್ತಿತ್ತು. ಕೆಲಸದ ಮೆಸೇಜ್ ಮಾತ್ರ ಇಲ್ಲ. ಟೀಚರುಗಳಿಗೆಲ್ಲ ಆರೋಗ್ಯ ಚೆನ್ನಾಗಿದೆ ಅಂದುಕೊಂಡಳು. ಮುಂದಿನ ವಾರ ಶಾಲೆಗಳಿಗೆ ಶರತ್ಕಾಲದ ರಜೆ. ಡಾಗಿಸಿಗೂ ಅರ್ಧ ಮಕ್ಕಳು ಬರುವುದಿಲ್ಲ. ಬದಲಿಯವರು ಯಾಕೆ ಬೇಕು?

ಅವಳು ಮನೆ ಕೆಲಸಕ್ಕೆ ಕೈ ಹಾಕಿದಳು. ಕಿಟಕಿಗಳ ಮೂರು ಗಾಜಿನ ನಡುವಿನ ಧೂಳು ತೆಗೆದಳು. ಬೇಸ್‌ಮೆಂಟಿನ ಒಗೆಯುವ ಕೋಣೆಯಲ್ಲಿ ತಮ್ಮ ಸರದಿಯ ಮೂರು ಗಂಟೆಗೆ ನಾಲ್ಕು ಮೆಷಿನ್ ಬಟ್ಟೆ ಒಗೆದಳು. ಜಾನಕಿಗೆ ಇಲ್ಲಿನ ತೊಗರಿಬೇಳೆ ಬೇಯುವುದಿಲ್ಲ ಎಂದು ಸಿಟ್ಟು.

“ಕೆಲಸ ಇಲ್ದೆ ಇದ್ದಿದ್ದೇ ಒಳ್ಳೇದಾಯ್ತು ಬಿಡು,” ಎರಡನೇ ವಾರ ಜಾನಕಿ ಹೇಳಿದಳು. “ಮನೇಲಿ ಒಬ್ಬರು ಮಾತಾಡೋಕೆ ಇದ್ದೀಯ. ಅವರ ಮಕ್ಕಳ ಮೂಗು ಒರೆಸೋಕೆ ಹೋಗಿ ನಿಂಗೇನು ಸಿಗುತ್ತೆ?”

“ಗಂಟೆಗೆ ನೂರ ನಲವತ್ತೆಂಟು ಕ್ರೋನ ಸಿಗುತ್ತೆ ಅತ್ತೆ. ನೀವೂ ಮೂವತ್ತಮೂರು ವರ್ಷ ಊರವರ ಕಾಗದಕ್ಕೆ ಸೀಲ್ ಹೊಡೆದ್ರಲ್ಲ.”

“ಅದು ಸರ್ಕಾರಿ ಕೆಲಸ.”

“ಹ್ಞೂಂ. ಸೀಲು ಮೂಗಿಗಿಂತ ದೊಡ್ಡದು.”

ಜಾನಕಿ ನಕ್ಕುಬಿಟ್ಟಳು.

ಆ ವಾರ ದಿನಸಿ ಅಂಗಡಿಗೆ ಹೋದ ದಿನ ಬಸ್ಸಿನಲ್ಲಿ ಟಿಕೆಟ್ ಆ್ಯಪ್ ತೆರೆಯಲಿಲ್ಲ. ನೆಟ್ ಇಲ್ಲ ಎಂದು ತೋರಿಸಿತು. ಹಳೆಯ ಫೋನಿಗೆ ಇನ್ನೊಂದು ರೋಗ ಎಂದು ಪಾವನಾ ಕಾರ್ಡ್ ಉಜ್ಜಿ ಕೂತಳು. ಸಂಜೆ ವಿಡಿಯೋ ಕಾಲಿನಲ್ಲಿ ಚಿರಂತನನಿಗೆ ಹೇಳಿದಳು. “ಹೊಸದು ಬರುತ್ತಲ್ಲ, ಸ್ವಲ್ಪ ಸುಧಾರಿಸ್ಕೋ,” ಎಂದ ಅವನು. ಇಷ್ಟೇ ಅಂದ.

ಮೂರನೇ ವಾರ ರಜೆ ಮುಗಿಯಿತು. ಊರಿಗೆಲ್ಲ ಹೊಟ್ಟೆಕೆಟ್ಟ ಜ್ವರ. ಚಾರ್ವಿಯ ತರಗತಿಯಲ್ಲಿ ಒಂಬತ್ತು ಮಕ್ಕಳು ಬಂದಿರಲಿಲ್ಲ, ಇಬ್ಬರು ಟೀಚರುಗಳೂ ಇರಲಿಲ್ಲ. ಆದರೂ ಪಾವನಾಗೆ ಮೆಸೇಜ್ ಇಲ್ಲ. ಗುರುವಾರ ಬೆಳಿಗ್ಗೆ ಅವಳು ಮಳೆಜಾಕೆಟ್ ಹಾಕಿಕೊಂಡು ಹತ್ತಿರದ ಡಾಗಿಸಿಗೆ ನಡೆದೇ ಹೋದಳು.

ಗುನಿಲ್ಲಾ ಅಂಗಳದಲ್ಲಿ ಒಬ್ಬಳೇ ಹದಿನಾಲ್ಕು ಮಕ್ಕಳ ನಡುವೆ ನಿಂತಿದ್ದಳು. ಪಾವನಾಳನ್ನು ನೋಡಿ ಅವಳ ಮುಖ ಅರಳಲಿಲ್ಲ.

“ನಿನಗೆ ಬೇರೆ ಕೆಲಸ ಸಿಕ್ಕಿತೇನೋ ಅಂದುಕೊಂಡೆವು,” ಅಂದಳು.

“ಇಲ್ಲ. ಮೆಸೇಜ್ ಬರುತ್ತೇನೋ ಅಂತ ಕಾಯ್ತಿದ್ದೆ.”

“ನಾವು ಒಂಬತ್ತು ಕಳಿಸಿದ್ದೇವೆ. ಒಂಬತ್ತಕ್ಕೂ ಬೇಡ ಅಂದಿದ್ದೀಯ.”

ಗುನಿಲ್ಲಾ ಕೈಗವಸು ಕಳಚಿ ಕೆಲಸದ ಫೋನ್ ತೆಗೆದು ತೋರಿಸಿದಳು. ಪಾವನಾ ಎಂಬ ಹೆಸರಿನ ಕೆಳಗೆ ಅವಳದೇ ನಂಬರ್. ಆರು ಗಂಟೆಗೆ ಪ್ರಶ್ನೆ, ಆರೂ ಐದಕ್ಕೆ ಉತ್ತರ. ನೇಯ್. ನೇಯ್. ನೇಯ್. ಎಲ್ಲಕ್ಕಿಂತ ಕೆಳಗೆ ಒಂದು ಉದ್ದದ ಮೆಸೇಜ್: ಡಿಸೆಂಬರ್ ಒಂದರಿಂದ ಹನ್ನೊಂದು ತಿಂಗಳ ಹುದ್ದೆ, ಎಂಟರಿಂದ ಐದರವರೆಗೆ, ಶುಕ್ರವಾರದೊಳಗೆ ತಿಳಿಸಿ. ಅದಕ್ಕೆ ಉತ್ತರ: ನೇಯ್ ತಾಕ್. ಬೇಡ, ಧನ್ಯವಾದ.

“ಇದನ್ನ ನಾನು ಬರೆದಿಲ್ಲ,” ಪಾವನಾ ಹೇಳಿದಳು.

ಗುನಿಲ್ಲಾ ಅವಳನ್ನು ನೋಡಿದಳು, ಫೋನನ್ನು ನೋಡಿದಳು. “ನಿನ್ನ ನಂಬರ್,” ಅಂದಳು. ಒಂದು ಮಗು ಅಳುತ್ತಾ ಬಂದು ಅವಳ ಪ್ಯಾಂಟು ಹಿಡಿಯಿತು. “ಹುದ್ದೆಗೆ ಸೋಮವಾರ ಇನ್ನೊಬ್ಬಳು ಸಹಿ ಹಾಕಿದಳು ಪಾವನಾ. ನಾನು ಏನೂ ಮಾಡೋ ಹಾಗಿಲ್ಲ.”

ಮನೆಗೆ ಬಂದವಳು ಜಾಕೆಟ್ ಕಳಚದೆ ಬೆಂಗಳೂರಿಗೆ ವಾಟ್ಸಾಪ್ ಕರೆ ಮಾಡಿದಳು. ಜಾನಕಿ ಅಡಿಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದಳು. ನಾಲ್ಕನೇ ಸಲಕ್ಕೆ ಚಿರಂತನ್ ಎತ್ತಿದ.

“ಲಂಚಲ್ಲಿದೀನಿ. ಏನಾಯ್ತು?”

“ನನ್ನ ನಂಬರ್ ಎಲ್ಲಿದೆ?”

“ನಂಬರ್ ಅಂದ್ರೆ?”

“ಚಿರಂತನ್, ನನ್ನ ನಂಬರ್ ಯಾರ ಫೋನಲ್ಲಿದೆ?”

ಅವನು ಎದ್ದು ಎಲ್ಲಿಗೋ ನಡೆದ. ಹಿಂದಿನ ಗಲಾಟೆ ಕಡಿಮೆಯಾಯಿತು. “ಓ, ಅದಾ. ಲೈನನ್ನ ಏಳು ದಿನದೊಳಗೆ ಆ್ಯಕ್ಟಿವೇಟ್ ಮಾಡಿಲ್ಲ ಅಂದ್ರೆ ಆಫರ್ ಕ್ಯಾನ್ಸಲ್ ಅಂತ ಮೇಲ್ ಬಂತು. ಫಿಸಿಕಲ್ ಸಿಮ್ ಇಲ್ವಲ್ಲ, ಕೋಡ್ ಸ್ಕ್ಯಾನ್ ಮಾಡಿದ್ರೆ ಯಾವ ಫೋನಲ್ಲಿ ಬೇಕಾದ್ರೂ ಕೂರುತ್ತೆ. ನಿನ್ನ ಫೋನ್ ಬರೋವರೆಗೂ ನನ್ನದ್ರಲ್ಲೇ ಇರಲಿ ಅಂತ ಹಾಕ್ದೆ. ಡ್ಯುಯಲ್ ಸಿಮ್.”

“ನಂಗೆ ಯಾಕೆ ಹೇಳಿಲ್ಲ?”

“ಏರ್‌ಪೋರ್ಟಲ್ಲಿ ಮಾಡಿದ್ದು. ಮರೆತೋಯ್ತು. ವಾಟ್ಸಾಪ್ ಬರ್ತಿತ್ತಲ್ಲ ನಿಂಗೆ?”

“ಡಾಗಿಸ್ ಮೆಸೇಜ್ ನಿಂಗೆ ಬಂತು.”

“ಬಂತು, ದಿನಾ ಬರ್ತಿತ್ತು. ಇಲ್ಲಿ ಸ್ಟ್ಯಾಂಡ್‌ಅಪ್ ಮೀಟಿಂಗ್ ಟೈಮಿಗೆ ಕರೆಕ್ಟಾಗಿ. ರಿಪ್ಲೈ ಮಾಡಿಲ್ಲ ಅಂದ್ರೆ ಹತ್ತು ನಿಮಿಷಕ್ಕೆ ಮತ್ತೆ ಟಿಂಗ್. ಕ್ಲೈಂಟ್ ಮುಂದೆ ಎಷ್ಟು ಸಲ ಸೈಲೆಂಟ್ ಮಾಡ್ಲಿ? ಅದಕ್ಕೆ ನೇಯ್ ಅಂತ ಕಳಿಸ್ತಿದ್ದೆ. ಒಂದೊಂದು ರಿಪ್ಲೈಗೂ ರೋಮಿಂಗ್ ಚಾರ್ಜ್ ಬಿದ್ದಿದೆ, ಗೊತ್ತಾ?”

ಪಾವನಾ ಕುರ್ಚಿ ಎಳೆದು ಕೂತಳು. “ನಂಗೆ ಫಾರ್ವರ್ಡ್ ಮಾಡೋಕೆ ಆಗ್ತಿರಲಿಲ್ವಾ?”

“ಬಿಜಿ ಇದ್ದೆ ಕಣೇ. ಒಂದೆರಡು ದಿನದ ಕೆಲಸ, ಹೋದ್ರೆ ಹೋಗ್ಲಿ ಅನ್ಕೊಂಡೆ.”

“ಹನ್ನೊಂದು ತಿಂಗಳಿನದು ಬಂತು. ಅದನ್ನ ಓದಿದ್ಯಾ?”

“ಊಟ ತಣ್ಣಗಾಗ್ತಿದೆ ಪಾವನಾ,” ಅಂದ ಅವನು.

“ಓದಿದ್ಯಾ?”

“ಓದಿದೆ. ಎಂಟರಿಂದ ಐದು. ಅಮ್ಮ ಇರುವಾಗ ನೀನು ಹೇಗೆ ಹೋಗ್ತಿದ್ದೆ? ಹೇಗೂ ಆಗಲ್ಲ ಅಂತಿದ್ದೆ ನೀನು.”

“ನಾನು ಯಾವಾಗ ಅಂದೆ?”

“ಕೇಳಿದ್ರೆ ಅಂತಿದ್ದೆ ಅಂತ ಅಂದೆ.”

“ಹನ್ನೊಂದು ತಿಂಗಳಲ್ಲಿ ನಿಮ್ಮಮ್ಮ ಇರೋದು ನಾಲ್ಕು ವಾರ. ಅದಕ್ಕೆ ನನ್ನ ಬದಲು ನೀನು ಉತ್ತರ ಕೊಟ್ಟೆ. ನನ್ನ ಹೆಸರಲ್ಲಿ. ಧನ್ಯವಾದ ಬೇರೆ ಹೇಳಿದೀಯ.”

“ಡೋಂಟ್ ಡ್ರಾಮಾಟೈಸ್. ರಾತ್ರಿ ಮಾತಾಡೋಣ.”

ಅಕ್ಕಿಯ ಪಾತ್ರೆ ಸಿಂಕಿನಲ್ಲಿ ಬಿಟ್ಟು ಜಾನಕಿ ಬಂದಳು. ಒದ್ದೆ ಕೈಯಲ್ಲೇ ಸೊಸೆಯಿಂದ ಫೋನ್ ಇಸಿದುಕೊಂಡಳು.

“ಚಿರು, ಅವಳಿಗೆ ಬಂದಿದ್ದನ್ನ ನೀನ್ಯಾಕೋ ಓದ್ದೆ?”

“ಅಮ್ಮಾ, ಅದು ಕಾಗದ ಅಲ್ಲ, ಎಸ್ಸೆಮ್ಮೆಸ್ಸು. ನನ್ನ ಫೋನಿಗೇ ಬಂದಿದ್ದು.”

“ವಿಳಾಸ ಯಾರದ್ದಿತ್ತು?”

“ಲೈನ್ ನನ್ನ ಹೆಸರಲ್ಲಿದೆ ಅಮ್ಮಾ.”

“ನಾನು ಕೇಳಿದ್ದು ಅದಲ್ಲ. ಒಳಗೆ ಯಾರ ಹೆಸರು ಬರೆದಿತ್ತು? ಶಿವಮೂರ್ತಿ ಅಂತ ಒಬ್ಬ ಇದ್ದ ನಮ್ಮಲ್ಲಿ, ಯಾರದೋ ಇಂಟರ್‌ವ್ಯೂ ಕಾರ್ಡನ್ನ ಮೂರು ದಿನ ಜೇಬಲ್ಲಿ ಇಟ್ಕೊಂಡಿದ್ದ. ಮರೆತಿದ್ದೆ ಅಂದ. ಅವನನ್ನ ಸಸ್ಪೆಂಡ್ ಮಾಡಿದ್ರು. ಅವನು ಇಟ್ಕೊಂಡಿದ್ದ ಅಷ್ಟೇ. ಉತ್ತರ ಬರೆದಿರಲಿಲ್ಲ.”

ಚಿರಂತನ್ ಮೀಟಿಂಗ್ ಇದೆ ಎಂದು ಕರೆ ಕತ್ತರಿಸಿದ. ಜಾನಕಿ ಫೋನನ್ನು ಸೆರಗಿಗೆ ಒರೆಸಿ ಸೊಸೆಗೆ ಕೊಟ್ಟಳು. “ಆಗಿದ್ದು ಆಯ್ತು. ಊಟಕ್ಕೆ ಏನು ಮಾಡ್ಲಿ?” ಎಂದಳು. ಪಾವನಾ ಜಾಕೆಟ್ ಕಳಚಿ ಕೋಣೆಗೆ ಹೋದಳು. ಆ ದಿನ ಸಾರು ಜಾನಕಿಯೇ ಮಾಡಿದಳು, ಉಪ್ಪು ಹೆಚ್ಚಾಗಿತ್ತು, ಮೂವರೂ ಉಂಡರು.

ಭಾನುವಾರ ಚಿರಂತನ್ ಬಂದ. ಸೂಟ್‌ಕೇಸಿನಲ್ಲಿ ಮೈಸೂರು ಪಾಕು, ಚಾರ್ವಿಗೆ ಬೂಟು, ಪಾವನಾಗೆ ಒಂದು ಸೀರೆ. ಸೀರೆಯನ್ನು ಅವಳು ಸೋಫಾದ ಮೇಲಿಂದ ಎತ್ತಲಿಲ್ಲ. ಹೊಸ ಫೋನು ಬಂದಿರುವ ನೋಟಿಸ್ ಬಂದಿತ್ತು. ಅವನು ತನ್ನ ಐಡಿ ತೋರಿಸಿ ಬಿಡಿಸಿಕೊಂಡು ಬಂದು ಡಬ್ಬಿಯನ್ನು ಊಟದ ಮೇಜಿನ ಮೇಲಿಟ್ಟ.

“ತಗೋ. ಇನ್ನಾದ್ರೂ ಮುಖ ಸರಿ ಮಾಡ್ಕೋ.”

“ಬೇಡ.”

“ಬೇಡ ಅಂದ್ರೆ? ಇಪ್ಪತ್ನಾಲ್ಕು ತಿಂಗಳು ಕಟ್ಟಬೇಕು ಇದಕ್ಕೆ. ಯಾರು ಬಳಸ್ತಾರೆ?”

“ನಿನ್ನ ಹೆಸರಲ್ಲಿದೆ, ನೀನೇ ಬಳಸು. ನಂಬರೂ ನಿಂದೇ. ಉತ್ತರ ಕೊಡೋಕೂ ಅಭ್ಯಾಸ ಆಗಿದೆ.”

“ಒಂದು ಮಿಸ್ಟೇಕ್ ಆಯ್ತು ಅಂತ—”

“ಒಂಬತ್ತು,” ಚಾರ್ವಿ ಹೇಳಿದಳು.

“ನೀನು ಸುಮ್ನಿರು. ಹಣ್ಣುಹಂಪಲು ತರೋ ದುಡ್ಡಿಗೆ ಇಷ್ಟು ಗಲಾಟೆ. ಮನೆ ಬಾಡಿಗೆ ಯಾರು ಕಟ್ತಿದಾರೆ?”

“ನೀನು,” ಪಾವನಾ ಹೇಳಿದಳು. “ಹನ್ನೊಂದು ತಿಂಗಳು ಅರ್ಧ ನಾನು ಕಟ್ತಿದ್ದೆ. ನೀನೇ ಬೇಡ ಅಂತ ಬರೆದೆ.”

“ನಂಬರ್ ನಿನ್ನ ಹೆಸರಿಗೆ ಟ್ರಾನ್ಸ್‌ಫರ್ ಮಾಡಿಸ್ತೀನಿ. ಸರಿನಾ? ಕಸ್ಟಮರ್ ಕೇರಿಗೆ ಫೋನ್ ಮಾಡಿದ್ದೆ, ಕಾಂಟ್ರಾಕ್ಟ್ ಬೈಂಡಿಂಗ್ ಮುಗಿದ್ಮೇಲೆ ಆಗುತ್ತಂತೆ.”

“ಯಾವಾಗ ಮುಗಿಯುತ್ತೆ?” ಜಾನಕಿ ಕೇಳಿದಳು.

“ಎರಡು ವರ್ಷಕ್ಕೆ.”

ಜಾನಕಿ ಮೈಸೂರು ಪಾಕಿನ ಡಬ್ಬಿ ಮುಚ್ಚಿ ಕಪಾಟಿನಲ್ಲಿಟ್ಟಳು. “ಅವಳಿಗೆ ಹೇಳೋಕೆ ನಿಂಗೆ ಎರಡು ನಿಮಿಷ ಇರಲಿಲ್ಲ,” ಅಂದಳು. “ಅಲ್ವಾ?” ಆಮೇಲೆ ಸೊಸೆಗೆ, “ಆ ಸೀರೆನಾದ್ರೂ ತೆಗೆದಿಡಮ್ಮ, ಕೂರೋಕೆ ಜಾಗ ಇಲ್ಲ.”

ಮಂಗಳವಾರ ಪಾವನಾ ಒಬ್ಬಳೇ ಬಸ್ಸಿನಲ್ಲಿ ಹೋಗಿ ರಿಪೇರಿ ಮಾಡಿದ ಫೋನ್ ಕೊಂಡಳು. ಎರಡು ಸಾವಿರದ ಒಂಬೈನೂರ ತೊಂಬತ್ತೈದು, ತನ್ನ ಕಾರ್ಡಿನಿಂದ. ಪಕ್ಕದ ಅಂಗಡಿಯಲ್ಲಿ ಪ್ರೀಪೇಯ್ಡ್ ಸಿಮ್ ತೆಗೆದುಕೊಂಡು ತನ್ನ ಐಡಿ ತೋರಿಸಿದಳು. ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಅಲ್ಲಿಂದ ನೇರ ಡಾಗಿಸಿಗೆ ಹೋಗಿ ಹೊಸ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟಳು.

ಗುನಿಲ್ಲಾ ಚೀಟಿಯನ್ನು ಓದಿ ಜೇಬಿಗೆ ಹಾಕಿಕೊಂಡಳು. ಸತತವಾಗಿ ಬೇಡ ಎಂದವರು ಪಟ್ಟಿಯ ಕೊನೆಗೆ ಹೋಗುತ್ತಾರೆ, ಅದು ನಿಯಮ ಎಂದಳು. ಜನವರಿಯ ಹೊತ್ತಿಗೆ ಒಂದೆರಡು ದಿನ ಸಿಗಬಹುದು. ಆಗ ನೋಡೋಣ.

“ಇನ್ನು ಮೇಲೆ ಈ ನಂಬರಿಂದ ಬಂದಿದ್ದು ಮಾತ್ರ ನಾನು,” ಪಾವನಾ ಹೇಳಿದಳು.

ಸಂಜೆ ಅವಳು ಚಾರ್ವಿಯ ಶಾಲೆಗೆ, ಬ್ಯಾಂಕಿಗೆ, ಆರೋಗ್ಯ ಕೇಂದ್ರಕ್ಕೆ, ದಾವಣಗೆರೆಯ ತಂಗಿಗೆ ಹೊಸ ನಂಬರ್ ಕಳಿಸಿದಳು. ಊಟದ ಮೇಜಿನ ಮೇಲೆ ಚಿರಂತನ್ ತಂದ ಫೋನಿನ ಡಬ್ಬಿ ಒಡೆಯದೆ ಬಿದ್ದಿತ್ತು. ಚಾರ್ವಿ ಅದನ್ನು ಪಕ್ಕಕ್ಕೆ ಸರಿಸಿ ತಟ್ಟೆಗಳನ್ನಿಟ್ಟಳು. ಅನ್ನ ಬಡಿಸುವ ಮೊದಲು ಪಾವನಾ ಸಂಬಳದ ಹಾಳೆಯ ಹಿಂದೆ, ಕಳೆದುಕೊಂಡದ್ದನ್ನು ಪೆನ್ನಿನಿಂದ ಬರೆದುಕೊಂಡಳು. ಎಂಟು ದಿನದ ಕೆಲಸ, ಅರವತ್ತನಾಲ್ಕು ಗಂಟೆ, ಒಂಬತ್ತು ಸಾವಿರದ ನಾನೂರ ಎಪ್ಪತ್ತೆರಡು ಕ್ರೋನ. ಹನ್ನೊಂದು ತಿಂಗಳ ಹುದ್ದೆ, ಒಂದು.